ಸೊಪ್ಪು ಉಡಿಸಲು ಬಂದವರು

ಯಳಂದೂರಿನಲ್ಲಿ ಹುಟ್ಟಿ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದವಳು ನಾನು. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಆದರೂ ನನ್ನ ಮದುವೆಯಾದಾಗ ಆ ಊರು ಮೈಸೂರಿಗೆ ಸೇರಿತ್ತು, ಈ ಊರು ಮದ್ರಾಸಿಗೆ. ಐವತ್ತಾರರಲ್ಲಿ ಕೊಳ್ಳೇಗಾಲವೂ ಮೈಸೂರಿಗೆ ಬಂದು, ನನ್ನ ತವರು ಮತ್ತು ಅತ್ತೆಮನೆ ಒಂದೇ ಸರ್ಕಾರದ ಕೆಳಗಾದವು. ಅದರಿಂದ ನನಗಾದ ಲಾಭವೆಂದರೆ ಕೆಲಸ. ಇಲ್ಲಿನ ಶಾಲೆಗಳಿಗೆ ಕನ್ನಡದಲ್ಲಿ ಓದಿದ ಟೀಚರುಗಳು ಬೇಕಾಗಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು, ಹೊಲಿಗೆ, ಚಿತ್ರ, ಈ ಮೂರಕ್ಕೂ ಸೇರಿಸಿ ಒಬ್ಬಳೇ ಟೀಚರಾಗಿ ಸೇರಿಕೊಂಡೆ.

ಮೂರನ್ನೂ ಒಬ್ಬಳ ತಲೆಗೇ ಕಟ್ಟಿದ್ದರಲ್ಲಿ ಅವುಗಳಿಗೆ ಎಷ್ಟು ಬೆಲೆಯಿತ್ತೆಂದು ಗೊತ್ತಾಗುತ್ತದೆ. ಗಣಿತದ ಪಾಠ ಮುಗಿಯದಿದ್ದರೆ ನನ್ನ ಪೀರಿಯಡ್ಡು ಗಣಿತಕ್ಕೆ ಹೋಗುತ್ತಿತ್ತು. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತಿತ್ತು, ಸ್ವಾಗತಗೀತೆಗೆ. ಹತ್ತು ವರ್ಷ ಸ್ವಾಗತಗೀತೆ ಹಾಡಿಸಿ ಹಾಡಿಸಿ ನನಗೆ ಅದರ ರಾಗ ಕೇಳಿದರೇ ತಲೆನೋವು ಬರುವಂತಾಯಿತು. ಆಗ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಶಾಲೆಯ ಹೊರಗೆ ಮಕ್ಕಳನ್ನು ಕೂಡಿಸತೊಡಗಿದೆ. ಬಂದವರಿಗೆ ಹಾಡು, ಚಿತ್ರ, ನಾಟಕ. ಯಾರಿಗೂ ಪರೀಕ್ಷೆಯಿಲ್ಲ, ಯಾರನ್ನೂ ಸ್ವಾಗತಿಸಬೇಕಾಗಿಲ್ಲ. ನಮ್ಮ ಸಂಘ ಹುಟ್ಟಿದ್ದು ಹೀಗೆ.

ಜಾಗ ಕೊಟ್ಟವರು ಊರಿನ ಒಬ್ಬ ರೇಷ್ಮೆ ವ್ಯಾಪಾರಿ. ಅವರ ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಸರಕೆಲ್ಲ ಬೇರೆ ಕಡೆಗೆ ಹೋಗಿ ವರ್ಷಗಳಾಗಿದ್ದರೂ ಗೋಡೆಗಳಲ್ಲಿ ರೇಷ್ಮೆಗೂಡಿನ ವಾಸನೆ ಹಾಗೇ ಇತ್ತು. ಸಂಘವೆಂದ ಮೇಲೆ ಅಧ್ಯಕ್ಷರು ಬೇಕಲ್ಲ, ಜಾಗ ಕೊಟ್ಟವರೇ ಅಧ್ಯಕ್ಷರಾದರು. ಅವರ ಸ್ನೇಹಿತರು ನಾಲ್ಕೈದು ಜನ ಸಮಿತಿಯಲ್ಲಿ ಕೂತರು. ಕಾರ್ಯದರ್ಶಿ ನಾನು. ಕಸ ಗುಡಿಸುವುದರಿಂದ ಹಿಡಿದು ಮಕ್ಕಳನ್ನು ಮನೆ ಮುಟ್ಟಿಸುವ ತನಕ ಎಲ್ಲ ನನ್ನ ಕೆಲಸ. ವರ್ಷಕ್ಕೊಮ್ಮೆ ಮೈಕಿನ ಮುಂದೆ ನಿಂತು "ನಮ್ಮ ಮಕ್ಕಳು" ಎನ್ನುವುದು ಅವರ ಕೆಲಸ. ಆಗ ನನಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ.

ಮೊದಲು ಬಂದವರು ನೇಕಾರರ ಮಕ್ಕಳು. ಬಣ್ಣದ ವಿಷಯದಲ್ಲಿ ಅವರಿಗೆ ನಾನು ಕಲಿಸುವಂಥದ್ದು ಕಡಿಮೆಯಿತ್ತು. ಒಂದು ಕೆಂಪಿಗೂ ಇನ್ನೊಂದು ಕೆಂಪಿಗೂ ಇರುವ ವ್ಯತ್ಯಾಸವನ್ನು ಮಗ್ಗದ ಪಕ್ಕದಲ್ಲಿ ತೆವಳುವಾಗಲೇ ಕಲಿತವರು ಅವರು. ಮೂರು ನಾಲ್ಕು ವರ್ಷವಾದ ಮೇಲೆ ಹನೂರಿನ ಒಬ್ಬ ಮೇಷ್ಟರು ಕೇಳಿಕೊಂಡರೆಂದು ತಿಂಗಳಿಗೆರಡು ಶನಿವಾರ ಅಲ್ಲಿಗೂ ಹೋಗತೊಡಗಿದೆ. ಅಲ್ಲಿ ಅರ್ಧ ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಮಾತಿನಲ್ಲಿ ತಡವರಿಸುವವರು ಹಾಡಿನಲ್ಲಿ ತಡವರಿಸುತ್ತಿರಲಿಲ್ಲ. ಆಮೇಲೆ ನನ್ನ ತವರೂರು ಯಳಂದೂರು. ಅಲ್ಲಿ ಒಂದು ಹಾಸ್ಟೆಲಿನಲ್ಲಿ ಬಿಳಿಗಿರಿರಂಗನ ಬೆಟ್ಟದಿಂದ ಓದಲು ಇಳಿದು ಬಂದ ಸೋಲಿಗರ ಮಕ್ಕಳಿದ್ದರು. ಅವರಲ್ಲಿ ನಾಲ್ವರು ನಮ್ಮ ಸಂಘಕ್ಕೆ ಸೇರಿದರು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ತಿಂಗಳ ಕೊನೆಯ ಭಾನುವಾರ ಮೂರು ಊರಿನ ಮಕ್ಕಳೂ ಕೊಳ್ಳೇಗಾಲದ ಗೋದಾಮಿನಲ್ಲಿ ಸೇರುತ್ತಿದ್ದರು.

ಆ ನಾಲ್ವರಲ್ಲಿ ಹಿರಿಯಳಾದ ಹುಡುಗಿಯ ಬಗ್ಗೆ ಹೇಳಬೇಕು. ಹದಿನಾಲ್ಕು ವರ್ಷವಿರಬಹುದು. ಮೊದಲ ಎರಡು ತಿಂಗಳು ಬಾಯಿ ಬಿಟ್ಟವಳಲ್ಲ. ಒಂದು ದಿನ ನಾನು ಹೊರಗೆ ಹೋಗಿ ಒಳಗೆ ಬರುವಷ್ಟರಲ್ಲಿ ಗೋದಾಮಿನಲ್ಲಿ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲ ಸಂದಿಯಿಂದ ನೋಡಿದರೆ ನಾನೇ ಅಲ್ಲಿ ನಿಂತಿದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ತಂದು, ಒಂದೇ ಮಾತನ್ನು ಮೂರು ಸಲ ಹೇಳುವ ನಾನು. ನನ್ನನ್ನು ಕಂಡು ಹುಡುಗಿ ಬೆವರಿಬಿಟ್ಟಳು. ಅವತ್ತೇ ನಾಟಕ ಮಾಡೋಣವೆಂದು ತೀರ್ಮಾನಿಸಿದೆ.

ನಾಟಕ ಮಕ್ಕಳೇ ಕಟ್ಟಿದ್ದು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಒಂದು ಬಸ್ಸು, ಅದರೊಳಗಿನ ಜನ. ಆರು ಬೆಂಚು ಜೋಡಿಸಿದರೆ ಬಸ್ಸು. ಸೀರೆಯ ಗಂಟು ಹೊತ್ತ ನೇಕಾರ, ಕೋಳಿ ಮುಚ್ಚಿಟ್ಟುಕೊಂಡು ಕೂತ ಅಜ್ಜಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಜಗಳವಾಡುವ ಗಂಡ ಹೆಂಡಿರು, ಹರಕೆ ಹೊತ್ತು ಮಾತೇ ಆಡದ ಒಬ್ಬ. ಇವರೆಲ್ಲರನ್ನೂ ಆಳುವ ಕಂಡಕ್ಟರು ಆ ಹುಡುಗಿ. ಯಳಂದೂರಿಗೂ ಕೊಳ್ಳೇಗಾಲಕ್ಕೂ ಓಡಾಡುವಾಗ ಕಂಡಕ್ಟರುಗಳನ್ನು ಅವಳು ಹೇಗೆ ನೋಡಿಕೊಂಡಿದ್ದಳೋ! ಕಿವಿಗೆ ಪೆನ್ಸಿಲು ಸಿಕ್ಕಿಸುವುದು, ಹೆಬ್ಬೆರಳು ನಾಲಗೆಗೆ ತಾಗಿಸಿ ಟಿಕೇಟು ಹರಿಯುವುದು, ಕಂಬಿ ಹಿಡಿಯದೆ ಬಾಗಿ ನಿಲ್ಲುವುದು, ಒಂದನ್ನೂ ಬಿಟ್ಟಿರಲಿಲ್ಲ. ಅವಳು "ಒಳೀಕ್ ಓಗಿ, ಒಳೀಕ್ ಓಗಿ" ಎಂದರೆ ನೋಡುತ್ತಿದ್ದವರೂ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಜ್ಯದ ದೊಡ್ಡವರೊಬ್ಬರು ಕೊಳ್ಳೇಗಾಲಕ್ಕೆ ಬರುತ್ತಾರೆ, ಅವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ ಆಗಬೇಕು ಎಂದು ಸುದ್ದಿ ಬಂತು. ಅಧ್ಯಕ್ಷರು ಸಂಘದ ಹೆಸರು ಕೊಟ್ಟುಬಂದರು. ನನಗೂ ಸಂತೋಷವೇ ಆಯಿತು. ಮಕ್ಕಳ ಬಸ್ಸನ್ನು ಊರೆಲ್ಲ ನೋಡಲಿ ಎಂಬ ಆಸೆ ನನಗೂ ಇತ್ತು.

ಕಾರ್ಯಕ್ರಮದ ಹಿಂದಿನ ಭಾನುವಾರ ತಾಲೀಮು ನೋಡಲು ಒಬ್ಬ ಅಧಿಕಾರಿ ಬಂದರು. ಮಕ್ಕಳು ಅರ್ಧ ಗಂಟೆ ಜೀವ ಕೊಟ್ಟು ಆಡಿದರು. ಆತ ಒಂದು ಸಲವೂ ನಗಲಿಲ್ಲ. ಮುಗಿದ ಮೇಲೆ ಅಧ್ಯಕ್ಷರ ಕಡೆ ತಿರುಗಿ ಇವರಲ್ಲಿ ಕಾಡಿನ ಮಕ್ಕಳು ಯಾರು ಎಂದು ಕೇಳಿದರು. ಅಧ್ಯಕ್ಷರು ಬೆರಳು ಮಾಡಿ ತೋರಿಸಿದರು. ನಾಲ್ವರನ್ನೂ ಮುಂದೆ ಕರೆದು, ಸಂತೆಯಲ್ಲಿ ದನ ನೋಡುವ ಹಾಗೆ ಮೇಲಿಂದ ಕೆಳಕ್ಕೆ ನೋಡಿದರು. ಹುಡುಗಿಯರು ಲಂಗ ರವಿಕೆಯಲ್ಲಿದ್ದರು, ಹುಡುಗರು ಅಂಗಿ ಚಡ್ಡಿಯಲ್ಲಿ. ಬೇರೆ ಮಕ್ಕಳ ಹಾಗೆಯೇ.

ಆಮೇಲೆ ಆತ ನನಗೆ ವಿವರಿಸಿದರು. ಬಸ್ಸು, ಕೋಳಿ, ಇವೆಲ್ಲ ದಿನಾ ನೋಡುವಂಥವು, ಬರುವವರಿಗೆ ಇದರಲ್ಲಿ ಏನಿದೆ? ಈ ನಾಲ್ವರಿಗೆ ಸೊಪ್ಪು ಉಡಿಸಿ, ತಲೆಗೆ ಗರಿ ಕಟ್ಟಿ, ಮೈಗೆ ಒಂದಿಷ್ಟು ಮಸಿ ಬಳಿದು ಕುಣಿಸಿದರೆ ಒಂದು ಕಳೆ ಬರುತ್ತದೆ.

ನನ್ನ ಮಕ್ಕಳ ಎದುರಿಗೇ ಇದನ್ನು ಹೇಳಿದ ಆ ಮನುಷ್ಯನಿಗೆ ನಾನು ಏನು ಹೇಳಿದೆ? "ನೋಡೋಣ ಸಾರ್" ಎಂದೆ. ಇಷ್ಟು ವರ್ಷವಾದರೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಆ ಎರಡು ಮಾತಿಗೆ. ಸರ್ಕಾರಿ ಸಂಬಳ ತಿನ್ನುವವಳ ನಾಲಗೆ ಅಭ್ಯಾಸದಿಂದ ಆಡಿಬಿಟ್ಟ ಮಾತು. ಆಗುವುದಿಲ್ಲ ಎಂದು ಆಗಲೇ ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ.

ಬುಧವಾರ ಅಧ್ಯಕ್ಷರು ನಮ್ಮ ಮನೆಗೇ ಬಂದರು. ಬಸ್ಸಿನ ನಾಟಕವನ್ನು ಪಟ್ಟಿಯಿಂದ ತೆಗೆದಿದ್ದಾರೆ, ಕಾಡಿನ ಕುಣಿತ ಸೇರಿಸಿದ್ದಾರೆ ಎಂದರು. ಅಷ್ಟು ಹೊತ್ತಿಗೆ ನನ್ನ ನಾಲಗೆ ನನ್ನ ಹಿಡಿತಕ್ಕೆ ಬಂದಿತ್ತು. ಆಗುವುದಿಲ್ಲ ಎಂದೆ. ಅವರು ಸಮಾಧಾನವಾಗಿಯೇ ಮಾತಾಡಿದರು.

"ನೋಡಿ ಟೀಚರಮ್ಮ, ಕಾಡ್ನೋರು ಕಾಡ್ನೋರ ತರ ಕಾಣ್ಬೇಕು ಕಣ್ರಿ. ಇರದ್ನ ತೋರ್ಸಕ್ಕೆ ಏನ್ ನಾಚ್ಕೆ?"

"ಇರೋದು ಲಂಗ ರವಿಕೆ ಯಜಮಾನ್ರೇ. ಅದನ್ನೇ ತೋರಿಸ್ತಿದ್ದೀವಲ್ಲ. ನಿಮ್ಮ ಮಗನ ಕೈಗೆ ತಕ್ಕಡಿ ಕೊಟ್ಟು, ವ್ಯಾಪಾರದವರು ನೋಡಿ ಅಂತ ನಿಲ್ಲಿಸಿದರೆ ನೀವು ಒಪ್ತೀರಾ?"

ಅವರ ಮಗನೂ ನಾಟಕದಲ್ಲಿದ್ದ. ಕೋಳಿಯ ಅಜ್ಜಿ ಅವನೇ. ಆ ಮಾತು ಅವರಿಗೆ ನಾಟಿತು. ಮುಖ ಬಿಗಿದುಕೊಂಡು ಎದ್ದು ಹೋದರು. ವಿಷಯ ಅಲ್ಲಿಗೆ ಮುಗಿಯಿತು, ನಮ್ಮ ಸಂಘವನ್ನು ಕಾರ್ಯಕ್ರಮದಿಂದಲೇ ಕೈಬಿಡುತ್ತಾರೆ ಎಂದುಕೊಂಡೆ. ಶುಕ್ರವಾರ ಶಾಲೆಗೆ ಜವಾನನ ಕೈಲಿ ಒಂದು ಚೀಟಿ ಬಂತು. ನಾಟಕವೇ ಇರಲಿ, ಎಲ್ಲ ಮಕ್ಕಳನ್ನೂ ಭಾನುವಾರ ಮಧ್ಯಾಹ್ನ ಕರೆತನ್ನಿ ಎಂದು ಅಧ್ಯಕ್ಷರೇ ಬರೆದಿದ್ದರು. ನಂಬಿದೆ. ನಂಬಿ ಯಳಂದೂರಿಗೂ ಹೇಳಿಕಳಿಸಿದೆ.

ಭಾನುವಾರ ನಾನು ಬೆಳಿಗ್ಗೆ ಹನೂರಿಗೆ ಹೋಗಿ ಅಲ್ಲಿಯ ಮಕ್ಕಳನ್ನು ಕರೆದುಕೊಂಡು ಬಸ್ಸಿಗೆ ಕಾದೆ. ಬಸ್ಸು ತಡವಾಗಿ ಬಂತು. ಕೊಳ್ಳೇಗಾಲದಲ್ಲಿ ಇಳಿದು ಶಾಲೆಯ ಮೈದಾನಕ್ಕೆ ನಡೆದು ಬರುವಷ್ಟರಲ್ಲಿ ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಹಿಂದುಗಡೆ ಮಕ್ಕಳು ವೇಷ ಹಾಕಿಕೊಳ್ಳಲು ಪರದೆ ಕಟ್ಟಿದ್ದರು. ಪರದೆ ಸರಿಸಿದೆ.

ನಾಲ್ವರೂ ಸಾಲಾಗಿ ನಿಂತಿದ್ದರು. ಹುಡುಗಿಯರಿಗೆ ಲಂಗದ ಮೇಲೆ ಮಾವಿನ ಸೊಪ್ಪಿನ ಗೊಂಚಲು ಸುತ್ತಿ ಸೆಣಬಿನ ಹುರಿಯಲ್ಲಿ ಬಿಗಿದಿದ್ದರು. ಹುಡುಗರ ಅಂಗಿ ಬಿಚ್ಚಿಸಿದ್ದರು. ನಾಲ್ವರ ಮುಖಕ್ಕೂ ಇದ್ದಿಲಿನ ಪುಡಿ ಬಳಿದು ಸುಣ್ಣದ ಬೊಟ್ಟು ಇಟ್ಟಿದ್ದರು. ಯಾರದೋ ಕಚೇರಿಯ ಇಬ್ಬರು ಜವಾನರು ಕೋಳಿಪುಕ್ಕ ಹಿಡಿದುಕೊಂಡು ಎಲ್ಲಿ ಸಿಕ್ಕಿಸುವುದೆಂದು ಮಾತಾಡಿಕೊಳ್ಳುತ್ತಿದ್ದರು. ನೇಕಾರರ ಮಕ್ಕಳು ಮೂಲೆಯಲ್ಲಿ ತಮ್ಮ ತಮ್ಮ ಗಂಟು ಮೂಟೆ ಹಿಡಿದು ಸುಮ್ಮನೆ ನಿಂತಿದ್ದರು.

ಆ ನಾಲ್ವರ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ ನಿಂತಿದ್ದ. ಪಂಚೆ ಉಟ್ಟಿದ್ದ, ಮೇಲೆ ಬರಿಮೈ. ಮಡಿಚಿದ ಬಿಳಿ ಅಂಗಿಯನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡಿದ್ದ. ಕಂಡಕ್ಟರ್ ಹುಡುಗಿಯ ತಂದೆ. ಮಗಳ ನಾಟಕ ನೋಡಬೇಕೆಂದು ಬೆಟ್ಟದಿಂದ ಇಳಿದು ಬಂದಿದ್ದವನು. ಒಗೆದ ಅಂಗಿ ತೊಟ್ಟು ಬಂದಿದ್ದಾನೆ. ಫೋಟೋ ತೆಗೆಯಲು ಬಂದವನು ಅವನನ್ನು ಕಂಡು, ಇವರ ಜೊತೆ ಒಬ್ಬ ದೊಡ್ಡವನೂ ನಿಂತರೆ ಚೆನ್ನಾಗಿರುತ್ತದೆ, ಆದರೆ ಈ ಅಂಗಿಯಲ್ಲಿ ಕಾಡಿನವನ ಹಾಗೆ ಕಾಣುವುದಿಲ್ಲ ಎಂದಿದ್ದಾನೆ. ಬಿಚ್ಚಿಸಿದ್ದಾರೆ. ನಾನು ಬರುವಷ್ಟರಲ್ಲಿ ಫೋಟೋ ತೆಗೆದೂ ಆಗಿತ್ತು.

ನಾನು ಹುಡುಗಿಯ ಮುಂದೆ ಹೋಗಿ ನಿಂತೆ. ಏನು ಕೇಳಬೇಕೋ ತಿಳಿಯದೆ, ಇದೇನೇ ಎಂದೆ. ಅವಳು ಅಳುತ್ತಿರಲಿಲ್ಲ.

"ಸೊಪ್ಪ ನಾವು ಮ್ಯಾಕೆಗ್ ಆಕದು ಟೀಚರಮ್ಮ. ಉಟ್ಕಳದು ಎಂಗೆ ಅಂತ ನಮ್ಗೆ ಗೊತ್ತಿರ್ನಿಲ್ಲ. ಇವ್ರೇ ತೋರ್ಸ್ಕೊಟ್ರು."

ನಾನು ಬಗ್ಗಿ ಹುರಿಯ ಗಂಟು ಬಿಚ್ಚತೊಡಗಿದೆ. ಬಿಗಿಯಾಗಿ ಕಟ್ಟಿದ್ದರು, ಉಗುರು ಮುರಿಯಿತು. ಅಷ್ಟರಲ್ಲಿ ಆ ಅಧಿಕಾರಿ ಒಳಗೆ ಬಂದರು, ಹಿಂದೆಯೇ ಅಧ್ಯಕ್ಷರು. ಐದು ನಿಮಿಷದ ಕೆಲಸ ಮೇಡಂ, ಯಾಕೆ ದೊಡ್ಡದು ಮಾಡುತ್ತೀರಿ ಎಂದರು ಅಧಿಕಾರಿ. ನಾನು ತಲೆ ಎತ್ತಲಿಲ್ಲ.

"ನಿಮ್ಮ ಮಕ್ಕಳನ್ನು ಕರೆಸಿ ಉಡಿಸಿ ಸಾರ್. ಸೊಪ್ಪು ಇನ್ನೂ ಹಸಿಯಾಗೇ ಇದೆ."

ಆತ ನನ್ನ ಹೆಸರು, ನನ್ನ ಶಾಲೆ, ಎಷ್ಟು ವರ್ಷದ ಸರ್ವಿಸು ಎಂದೆಲ್ಲ ಕೇಳಿದರು. ಹೇಳಿದೆ. ಬರೆದುಕೊಳ್ಳಲು ಪೆನ್ನು ಬೇಕೇ ಎಂದೂ ಕೇಳಿದೆ. ಹಾಗೆ ಕೇಳುತ್ತಲೇ ಇನ್ನೊಬ್ಬ ಹುಡುಗಿಯ ಹುರಿಗೆ ಕೈ ಹಾಕಿದೆ. ಹನೂರಿನ ಹುಡುಗಿಯೊಬ್ಬಳು ತನ್ನ ಸೆರಗನ್ನು ನೀರಿನಲ್ಲಿ ಅದ್ದಿ ಚಿಕ್ಕವರ ಮುಖ ಒರೆಸತೊಡಗಿದಳು. ಹುಡುಗರು ಅಂಗಿ ಹುಡುಕಿಕೊಂಡರು. ನಾನೂ ಮಕ್ಕಳೂ ಮೈದಾನದ ಹಿಂದಿನ ಗೇಟಿನಿಂದ ಹೊರಗೆ ಬಂದೆವು. ಅಧ್ಯಕ್ಷರ ಮಗನೂ ಕೋಳಿಯ ಬುಟ್ಟಿ ಹಿಡಿದು ನಮ್ಮ ಜೊತೆಗೇ ಬಂದ, ಅಪ್ಪ ಕರೆದರೂ ನಿಲ್ಲಲಿಲ್ಲ. ಹುಡುಗಿಯ ತಂದೆ ಮಾತ್ರ ಅಂಗಿ ತೊಟ್ಟುಕೊಂಡು, ಗುಂಡಿಗಳನ್ನೆಲ್ಲ ಹಾಕಿಕೊಂಡು, ಆಮೇಲೆ ನಿಧಾನವಾಗಿ ಹಿಂದೆ ಬಂದ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಾರದೆ ಬಸ್ ಸ್ಟಾಂಡಿನ ತನಕ ಮುಂದೆ ಮುಂದೆ ನಡೆದೆ. ಹಿಂದಿನಿಂದ ಮೈಕಿನಲ್ಲಿ ಯಾರೋ ಹೆಣ್ಣುಮಕ್ಕಳು ಸ್ವಾಗತಗೀತೆ ಹಾಡುತ್ತಿದ್ದುದು ಕೇಳುತ್ತಿತ್ತು. ನಾನೇ ಕಲಿಸಿದ್ದು.

ಸಮಿತಿ ಆ ವಾರವೇ ಸೇರಿತು. ನನ್ನನ್ನು ಕರೆಯದೆ ನನ್ನ ವಿಚಾರ ಮಾತಾಡಿ, ಆಮೇಲೆ ಕರೆದು ತಿಳಿಸಿದರು. ಮಕ್ಕಳಿಗೆ ಸಿಕ್ಕ ಅವಕಾಶವನ್ನು ನಾನು ಹಾಳುಮಾಡಿದೆನಂತೆ. ಊರಿನ ಮರ್ಯಾದೆ ತೆಗೆದೆನಂತೆ. ಆ ಮಕ್ಕಳಿಗೇ ಇಲ್ಲದ ನಾಚಿಕೆ ನನಗೇಕೆ ಎಂದು ಒಬ್ಬರು ಕೇಳಿದರು. ಆ ಮಕ್ಕಳನ್ನು ನೀವು ಕೇಳಿದಿರಾ ಎಂದೆ. ಯಾರೂ ಕೇಳಿರಲಿಲ್ಲ. ಐದು ವರ್ಷದಿಂದ ಸಂಘದ ಅಧ್ಯಕ್ಷರಾಗಿದ್ದವರಿಗೆ ಆ ನಾಲ್ವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಅದನ್ನೂ ಹೇಳಿ ಎದ್ದು ಬಂದೆ. ಶನಿವಾರ ಹೋದಾಗ ಗೋದಾಮಿಗೆ ಹೊಸ ಬೀಗ ಬಿದ್ದಿತ್ತು. ಮಕ್ಕಳ ಚಿತ್ರಗಳು, ಬಣ್ಣದ ಡಬ್ಬಿಗಳು, ಒಂದು ಹಾರ್ಮೋನಿಯಂ, ಎಲ್ಲ ಒಳಗೆ.

ಆ ಫೋಟೋ ಒಂದು ಪತ್ರಿಕೆಯಲ್ಲಿ ಬಂತು. ಕಾಡಿನ ಜನ ತಮ್ಮ ಸಾಂಪ್ರದಾಯಿಕ ಉಡುಗೆಯಲ್ಲಿ ಅತಿಥಿಗಳನ್ನು ಸ್ವಾಗತಿಸಿದರು ಎಂದು ಕೆಳಗೆ ಬರೆದಿದ್ದರು. ಅವರು ವೇದಿಕೆಯನ್ನೇ ಹತ್ತಿರಲಿಲ್ಲ. ಅಧ್ಯಕ್ಷರು ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ ಅಂಗಡಿಯಲ್ಲಿ ತಮ್ಮ ಗಾದಿಯ ಹಿಂದೆ ತೂಗುಹಾಕಿದರು. ನಾನು ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಅದನ್ನು ತೆಗೆಯಿರಿ ಎಂದು ಕೇಳಿದೆ. ನಕ್ಕು, ಕಾಫಿ ತರಿಸಲೇ ಎಂದರು. ಅದನ್ನು ತೆಗೆಯಲೇ ಇಲ್ಲ.

ಪತ್ರಿಕೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಭಾನುವಾರ ಯಳಂದೂರಿಗೆ ಹೋಗಿ, ಅಲ್ಲಿಂದ ಬೆಟ್ಟದ ಬಸ್ಸು ಹತ್ತಿದೆ. ಇಳಿದು ಒಂದು ಮೈಲಿ ನಡೆದರೆ ಅವರ ಪೋಡು. ಸೋಲಿಗರು ತಮ್ಮ ಊರಿಗೆ ಪೋಡು ಎನ್ನುತ್ತಾರೆ. ಹುಡುಗಿಯ ತಂದೆ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ನನ್ನನ್ನು ಕಂಡು ಎದ್ದು ಚಾಪೆ ಹಾಕಿದ. ನಾನು ಕೂರದೆ ನಿಂತೇ, ತಪ್ಪಾಯಿತು ಎಂದೆ. ಅವನು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟ.

"ನೀವೇ ಏಳ್ಕಳ್ಸಿದ್ದೀರಿ ಅಂದ್ರು ಕಣವ್ವ. ನಾ ಬಿಚ್ನಿಲ್ಲ ಅಂದ್ರೆ ನಿಮ್ಗೆ ತೊಂದ್ರೆ ಆದದು ಅನ್ಕಂಡೆ. ಅದ್ಕೇ ಬಿಚ್ದೆ."

ನಾನು ಚಾಪೆಯ ಮೇಲೆ ಕೂತುಬಿಟ್ಟೆ. ನನ್ನ ಹೆಸರು ಹೇಳಿ ಅವನ ಅಂಗಿ ಬಿಚ್ಚಿಸಿದ್ದರು. ಮಗಳಿಗೆ ಹಾಡು ಕಲಿಸುವ ಟೀಚರಿಗೆ ತೊಂದರೆಯಾಗಬಾರದೆಂದು ಅವನು ಬರಿಮೈಯಲ್ಲಿ ನಿಂತಿದ್ದ. ಇದರ ಮುಂದೆ ಅಲ್ಲಿಯ ತನಕ ನನಗಿದ್ದದ್ದು ಸಿಟ್ಟೇ ಅಲ್ಲ. ಅವತ್ತು ಬೆಟ್ಟ ಇಳಿಯುವಾಗ ಬಸ್ಸಿನ ಕಂಬಿಯನ್ನು ನಾನು ಹೇಗೆ ಹಿಡಿದಿದ್ದೆನೆಂದರೆ, ಯಳಂದೂರಿನಲ್ಲಿ ಇಳಿದಾಗ ಬೆರಳು ನೆಟ್ಟಗಾಗಲಿಲ್ಲ. ಹೊರಡುವ ಮುಂಚೆ ಅವನ ಹೆಂಡತಿ ಜೇನು ಹಾಕಿದ ರಾಗಿ ರೊಟ್ಟಿ ಕೊಟ್ಟಿದ್ದಳು. ಪಾಠ ಮತ್ತೆ ಯಾವಾಗ ಎಂದು ಅವನು ಕೇಳಿದ್ದ. ಜಾಗ ಇಲ್ಲ ಎಂದಿದ್ದೆ. ಹಾಸ್ಟೆಲಿನ ಜಗಲಿ ಇದೆಯಲ್ಲ ಎಂದು ಅವನೇ ಹೇಳಿದ್ದ.

ಹಾಸ್ಟೆಲಿನ ವಾರ್ಡನ್ನರನ್ನು ಕೇಳಿದೆ. ಭಾನುವಾರ ಜಗಲಿಯಲ್ಲಿ ಮಾಡಿಕೊಳ್ಳಿ, ಆದರೆ ಕಾಗದದಲ್ಲಿ ಏನೂ ಬರೆಯಬೇಡಿ ಎಂದರು. ಬೋರ್ಡಿಲ್ಲ, ಸಮಿತಿಯಿಲ್ಲ, ಅಧ್ಯಕ್ಷರಿಲ್ಲ. ಹನೂರಿನವರಿಗೆ ದೂರವಾಯಿತು, ಕೆಲವರು ಬಿಟ್ಟರು. ಕೊಳ್ಳೇಗಾಲದ ನೇಕಾರರ ಮಕ್ಕಳಲ್ಲಿ ಆರು ಜನ ನನ್ನ ಜೊತೆ ಬಸ್ಸಿನಲ್ಲಿ ಬಂದರು. ಅಧ್ಯಕ್ಷರ ಮಗನಿಗೆ ಮನೆಯಲ್ಲಿ ಬಿಡಲಿಲ್ಲ. ಹೀಗೆ ಮೂರು ವರ್ಷ ನಡೆಸಿದೆವು. ಆಮೇಲೆ ನನಗೆ ದೂರದ ಊರಿಗೆ ವರ್ಗವಾಯಿತು. ನನ್ನ ಹೆಸರು ಬರೆದುಕೊಂಡವರಿಗೆ ಅದು ನೆನಪಿತ್ತೋ, ಸಹಜವಾಗಿ ಆದ ವರ್ಗವೋ, ನನಗೆ ಯಾರೂ ಹೇಳಲಿಲ್ಲ.

ಆ ಮೂರು ವರ್ಷದಲ್ಲಿ ಬಸ್ಸಿನ ನಾಟಕವನ್ನು ಯಳಂದೂರಿನಲ್ಲಿ ಎರಡು ಸಲ ಆಡಿದೆವು, ಹನೂರಿನ ಶಾಲೆಯ ಅಂಗಳದಲ್ಲಿ ಒಂದು ಸಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಡಕ್ಟರು ಮಾತ್ರ ಬೇರೆ ಹುಡುಗ. ಅವನಿಗೆ ಪೆನ್ಸಿಲು ಹೇಗೆ ಸಿಕ್ಕಿಸಬೇಕು, ಎಲ್ಲಿ ಬಾಗಬೇಕು ಎಂದು ಎಲ್ಲವನ್ನೂ ಆ ಹುಡುಗಿಯೇ ಕೂತು ಕಲಿಸಿದ್ದಳು. ಪಾಠಕ್ಕೆ ಒಂದು ಭಾನುವಾರವೂ ತಪ್ಪಿಸಿದವಳಲ್ಲ, ಚಿತ್ರ ಬರೆದಳು, ಚಿಕ್ಕವರಿಗೆ ಹಾಡು ಹೇಳಿಕೊಟ್ಟಳು. ಜನರ ಮುಂದೆ ನಿಲ್ಲಲು ಮಾತ್ರ ಒಪ್ಪಲಿಲ್ಲ.

ಹನೂರಿನಲ್ಲಿ ನಾಟಕ ನಡೆಯುವಾಗ ಅವಳು ಜನರ ಹಿಂದೆ, ಗೋಡೆಗೆ ಒರಗಿ ನನ್ನ ಪಕ್ಕದಲ್ಲಿ ಕೂತಿದ್ದಳು. ಕಂಡಕ್ಟರನ ಒಂದೊಂದು ಮಾತಿಗೂ ಅವಳ ತುಟಿ ಆಡುತ್ತಿತ್ತು. ಮುಂದಿನ ಸಲ ನೀನೇ ಮಾಡು, ಇಲ್ಲಿ ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ ಎಂದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಬ್ಯಾಡಿ ಟೀಚರಮ್ಮ. ನಾ ನಿಂತ್ಕಂಡ್ರೆ ಅವ್ರು ಸೊಪ್ಪೇ ನೋಡ್ತಾರೆ."